ಗ್ರಹಣದ ಬಿಸಿಗಲ್ಲು

ನಮ್ಮೂರಲ್ಲಿ ಯಾರ ಮನೆಯಲ್ಲೂ ಬೆಂಕಿ ಉರಿಯುವುದಿಲ್ಲ. ಉರಿಸೋಣವೆಂದರೆ ಕಟ್ಟಿಗೆ ಎಲ್ಲಿದೆ? ಸುತ್ತ ಕಣ್ಣು ಹಾಯಿಸಿದಷ್ಟು ದೂರವೂ ಬೋಳು ಬಂಡೆ, ಬಂಡೆಯ ಸಂದಿಯಲ್ಲಿ ಕುರಿಗೆ ಸಾಲುವಷ್ಟು ಹುಲ್ಲು. ಆದರೆ ಮನೆಗೊಂದು ತಂತಿ ಇದೆ. ಮೇಲಿನಿಂದ ಇಳಿದು, ಬೆಳಕಿಂಡಿಯೊಳಗೆ ಹಾಯ್ದು, ಅಡುಗೆಮನೆಯ ನಡುವೆ ಹೂತಿಟ್ಟ ಬಿಸಿಗಲ್ಲಿಗೆ ಸುತ್ತಿಕೊಂಡಿರುತ್ತದೆ. ಅಂಗಳದಲ್ಲಿ ನಿಂತು ಕತ್ತೆತ್ತಿ ನೋಡಿದರೆ ತಂತಿ ಮೋಡದವರೆಗೆ ಕಾಣುತ್ತದೆ, ಆಮೇಲೆ ಕಾಣುವುದಿಲ್ಲ. ಮೋಡ ದಾಟಿ ನಡುಬಾನಿಗೆ ಹೋಗಿದೆ ಎನ್ನುತ್ತಾರೆ. ಬಿಸಿ ಅಲ್ಲಿಂದ ಇಳಿದು ಬರುತ್ತದೆ. ನಾವು ಅದರ ಮೇಲೆ ರೊಟ್ಟಿ ಸುಡುತ್ತೇವೆ, ನೀರು ಕಾಯಿಸುತ್ತೇವೆ, ಬಾಣಂತಿಯರನ್ನು ಅದರ ಮಗ್ಗುಲಲ್ಲಿ ಮಲಗಿಸುತ್ತೇವೆ. ಮುದುಕರು ಅದಕ್ಕೆ ಬೆನ್ನು ಕೊಟ್ಟು ಕೂತರೆ ಊಟದ ಹೊತ್ತಿಗೂ ಏಳುವುದಿಲ್ಲ. ಅವರನ್ನು ಎಬ್ಬಿಸುವುದೇ ಹೆಂಗಸರಿಗೊಂದು ದೊಡ್ಡ ಕೆಲಸ. ಅಣ್ಣತಮ್ಮಂದಿರು ಪಾಲಾಗುವಾಗ ಕಂಬಳಿ, ಕುರಿ, ಪಾತ್ರೆ ಎಲ್ಲ ಹಂಚಿಕೊಂಡು, ಕೊನೆಗೆ ತಂತಿ ಹಂಚಿಕೊಳ್ಳಲಾಗದೆ ಬೈದಾಡುತ್ತಲೇ ಒಂದೇ ಸೂರಿನಡಿ ಉಳಿದವರು ಎಷ್ಟೋ ಜನ.

ಊರು ಎರಡು ಭಾಗ. ನಾವಿರುವುದು ಕೆಳಗಿನೋಣಿ. ಬಂಡೆಯಲ್ಲಿ ಕಡಿದ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಮೇಲೆ ಹೋದರೆ ಮೇಲಿನೋಣಿ. ಅವರ ತಂತಿಗಳು ನಮ್ಮ ತಂತಿಗಳಿಗಿಂತ ಎತ್ತರಕ್ಕೆ ಹೋಗುತ್ತವೆ. ಎತ್ತರಕ್ಕೆ ಹೋದದ್ದೇ ಬಂತು, ಅವರ ಕಲ್ಲು ಯಾವಾಗಲೂ ಉಗುರುಬೆಚ್ಚಗೆ. ರೊಟ್ಟಿ ಹಾಕಿ ಅರ್ಧ ಊರು ಸುತ್ತಿ ಬಂದರೂ ಹಸಿಹಸಿಯಾಗಿಯೇ ಇರುತ್ತದಂತೆ. ಹಾಗಾಗಿ ಅಲ್ಲಿನ ಹುಡುಗಿಯರಿಗೆ ನಮ್ಮ ಓಣಿಯ ಗಂಡು ಸಿಕ್ಕರೆ ಅದೃಷ್ಟ ಕುದುರಿತು ಎಂದೇ ಲೆಕ್ಕ. ಅಣ್ಣ ಅಡಿವೆಪ್ಪನಿಗೆ ಅಲ್ಲಿಂದಲೇ ಶಾವಂತ್ರಿಯನ್ನು ತಂದೆವು. ಗಂಡನನ್ನು ಕಳಕೊಂಡು ತವರಿಗೆ ಬಂದು ಕೂತಿದ್ದ ನನಗಿಂತ ಅವಳು ವಯಸ್ಸಿನಲ್ಲಿ ಚಿಕ್ಕವಳು, ಆದರೂ ಅತ್ತಿಗೆ. ಮನೆ ತುಂಬಿದ ಮೊದಲ ದಿನ ಅವಳು ನೇರವಾಗಿ ಅಡುಗೆಮನೆಗೆ ಹೋಗಿ, ಬಿಸಿಗಲ್ಲಿನ ಮೇಲೆ ಎರಡೂ ಅಂಗೈ ಊರಿ, ಸುಟ್ಟಿತೆಂದು ಸರಕ್ಕನೆ ಎಳೆದುಕೊಂಡು ನಕ್ಕಿದ್ದಳು. ಆ ನಗು ನೋಡಿ ನನಗೆ ಅವಳು ಸೇರಿದಳು. ಅವ್ವನಿಗೂ ಸೇರಿದಳು, ಆದರೆ ಅವ್ವ ಅದನ್ನು ಬಾಯಿಬಿಟ್ಟು ಹೇಳುವವಳಲ್ಲ.

ಮದುವೆಯಾದ ಮೂರನೆಯ ವರ್ಷಕ್ಕೆ ಅತ್ತಿಗೆ ಹೆತ್ತಳು. ದಿನ ತುಂಬುವ ಬಹಳ ಮುಂಚೆಯೇ ಹೆತ್ತಳು. ಹೆಣ್ಣು ಕೂಸು. ಅಂಗೈಯಲ್ಲಿ ತಲೆ ಇಟ್ಟರೆ ಕಾಲು ಮೊಣಕೈ ಮುಟ್ಟುತ್ತಿರಲಿಲ್ಲ. ಅಳುವುದಕ್ಕೂ ಶಕ್ತಿ ಇಲ್ಲದ ಅದು ಬಾಯಿ ತೆರೆಯುತ್ತಿತ್ತು, ಸದ್ದು ಬರುತ್ತಿರಲಿಲ್ಲ. ಸೂಲಗಿತ್ತಿ ದ್ಯಾಮವ್ವ ಅದನ್ನು ತೆಳು ಉಣ್ಣೆಯಲ್ಲಿ ಸುತ್ತಿ ಬಿಸಿಗಲ್ಲಿನ ಮಗ್ಗುಲಲ್ಲಿ ಮಲಗಿಸಿ, “ಇದು ಇನ್ನೂ ಹೊಟ್ಟ್ಯಾಗ ಐತಿ ಅಂತನ ತಿಳ್ಕೊಳ್ರಿ. ಕಲ್ಲಿನ ಮಗ್ಗಲ ಬಿಟ್ಟು ಎಲ್ಲಿಗೂ ಒಯ್ಯಬ್ಯಾಡ್ರಿ. ಮೈ ಒಮ್ಮಿ ತಣ್ಣಗಾತಂದ್ರ ನನ್ನ ಕೈಲಿ ಏನೂ ಆಗಂಗಿಲ್ಲ,” ಎಂದು ಹೇಳಿ ಹೋದಳು. ಅಂದಿನಿಂದ ಅತ್ತಿಗೆ ನಿದ್ದೆ ಮಾಡಿದ್ದನ್ನು ನಾನು ನೋಡಲಿಲ್ಲ. ಕೂಸಿನ ತುಟಿ ನೋಡುತ್ತಾ ಕೂತಿರುತ್ತಿದ್ದಳು. ತುಟಿ ನೀಲಿಗಟ್ಟಿದರೆ ಕಲ್ಲಿಗೆ ಇನ್ನಷ್ಟು ಹತ್ತಿರ ಸರಿಸುವಳು, ಕೆಂಪಾದರೆ ಸ್ವಲ್ಪ ದೂರ. ನಾವು ಅಡುಗೆ ಮಾಡುವಾಗಲೂ ಅವಳನ್ನು ದಾಟಿಕೊಂಡೇ ಓಡಾಡಬೇಕಿತ್ತು. ಮನೆಯಲ್ಲಿ ಎಲ್ಲರಿಗೂ ಅದೇ ಜೀವ, ಅದೇ ಧ್ಯಾನ. ಅಣ್ಣನಂತೂ ಕುರಿ ಬಿಟ್ಟುಬಂದು ಬಾಗಿಲಲ್ಲಿ ನಿಂತು “ಹೆಂಗೈತಿ?” ಎನ್ನುವನು, ಉತ್ತರಕ್ಕೆ ಹೆದರಿ ಹಾಗೇ ಹೊರಟುಬಿಡುವನು.

ಹೀಗಿರುವಾಗ ಗ್ರಹಣ ಬಂತು. ಡಂಗುರದವನು ಓಣಿ ಓಣಿಯಲ್ಲಿ ಸಾರಿಕೊಂಡು ಹೋದ. ಸೂರ್ಯ ಪೂರ್ತಿ ಮುಚ್ಚುವ ಗ್ರಹಣ. ನಾನು ಸಣ್ಣವಳಿದ್ದಾಗ ಒಂದು ಬಂದಿತ್ತು. ಗ್ರಹಣದ ದಿನ ನಮ್ಮಲ್ಲಿ ತಂತಿ ಬಿಚ್ಚಬೇಕು. ಮರದ ಚಿಮಟದಲ್ಲಿ ಹಿಡಿದು ಕಲ್ಲಿನಿಂದ ಬಿಡಿಸಿ, ಹೊರಗೆ ತಂದು ಅಂಗಳದ ಕಂಬಕ್ಕೆ ನೇತುಹಾಕಬೇಕು. ಊರಿಗೆ ಊರೇ ಕುರಿಗಳನ್ನು ಹೊಡೆದುಕೊಂಡು ಚಾವಡಿಗೆ ಹೋಗಿ, ಒಬ್ಬರಿಗೊಬ್ಬರು ಅಂಟಿಕೊಂಡು, ಕಂಬಳಿ ಹೊದ್ದು ಕೂರಬೇಕು. ಮತ್ತೆ ಡಂಗುರ ಬಾರಿಸಿದ ಮೇಲೆಯೇ ಮನೆಗೆ ಬಂದು ತಂತಿ ಕಟ್ಟುವುದು. ಬಾಣಂತಿ ಮಾತ್ರ ಗ್ರಹಣದ ಬಾನಿನಡಿ ಬರಕೂಡದು, ಮನೆಯೊಳಗೇ ಇರಬೇಕು. ಇದೆಲ್ಲಕ್ಕಿಂತ ದೊಡ್ಡ ಕಟ್ಟಳೆ ಇನ್ನೊಂದು: ಗ್ರಹಣ ಸಾರಿದ ಗಳಿಗೆಯಿಂದ ಗ್ರಹಣದ ಸ್ನಾನ ಮುಗಿಯುವವರೆಗೆ ತಂತಿಯ ಮಾತೆತ್ತಬಾರದು. ಎತ್ತಿದರೆ ನಡುಬಾನು ಮುನಿಯುತ್ತದಂತೆ. ಬಿಚ್ಚಬೇಕು ಅಷ್ಟೆ, ಯಾಕೆ ಅಂತ ಕೇಳಬಾರದು. ಗ್ರಹಣ ಕಳೆದ ಮೇಲಾದರೂ ಯಾರು ಕೇಳುತ್ತಾರೆ? ಆಗ ಎಲ್ಲರಿಗೂ ಹೊಟ್ಟೆ ಹಸಿದಿರುತ್ತದೆ.

ನಮ್ಮ ಓಣಿಯವರಿಗೆ ಕೇಳಬೇಕಾಗಿಯೂ ಇರಲಿಲ್ಲ. ಹಿಂದಿನ ಗ್ರಹಣದಲ್ಲಿ ಪಕ್ಕದ ಮನೆಯವರು ಬಿಚ್ಚುವುದು ಮರೆತು, ಕಲ್ಲಿನ ಮಗ್ಗುಲಲ್ಲಿ ಕಟ್ಟಿದ್ದ ಟಗರು ನಿಂತಲ್ಲೇ ಸೆಟೆದು ಸತ್ತಿದ್ದನ್ನು ನಾನೇ ಕಣ್ಣಾರೆ ಕಂಡಿದ್ದೆ. ಅದರ ಮೂತಿಯ ಕೂದಲ ಮೇಲೆಲ್ಲ ಮಂಜು ಹರಳುಗಟ್ಟಿತ್ತು. ಗ್ರಹಣದಲ್ಲಿ ನಮ್ಮ ತಂತಿ ಬಿಸಿ ಕೊಡುವುದಿಲ್ಲ, ಹೀರುತ್ತದೆ. ಇದು ನಮ್ಮ ಓಣಿಯ ಮಕ್ಕಳಿಗೂ ಗೊತ್ತು. ಗೊತ್ತಿರುವುದನ್ನು ಯಾರೂ ಯಾರಿಗೂ ಹೇಳುವುದಿಲ್ಲ.

ಡಂಗುರ ಕೇಳಿದಾಗ ಅವ್ವ ಕೂಸಿನ ಕಡೆ ನೋಡಿ ಮುಖ ಸಣ್ಣ ಮಾಡಿಕೊಂಡಳು. ಆದರೆ ಎದೆಗುಂದುವವಳಲ್ಲ. ಉಪಾಯ ಅವಳೇ ಹೇಳಿದಳು: “ಕೂಸನ್ನ ಬರಿಮೈಲೆ ನಿನ್ನ ಎದಿಗೆ ಅವಚಿಕೊಂಡು ಕುಂದ್ರು. ಮ್ಯಾಲ ಕಂಬಳಿ ಹೊಚ್ಚಿಕೋ. ಎರಡು ದಪ್ಪ ಕುರಿ ಒಳಗ ಬಿಟ್ಟು ಹೋಗ್ತೀವಿ, ಆ ಬಾಜೂ ಒಂದು, ಈ ಬಾಜೂ ಒಂದು ಮಲಗಿಸಿಕೋ. ನಾವು ಬರೂತನಕ ಅಲ್ಲಾಡಬ್ಯಾಡ.”

ಅತ್ತಿಗೆಯ ಕಣ್ಣಲ್ಲಿ ಅಂದು ಹೆದರಿಕೆ ಇರಲಿಲ್ಲ. ಅದನ್ನು ನಾನು ಗಮನಿಸಿದೆ, ಅರ್ಥ ಮಾತ್ರ ಆಗಲಿಲ್ಲ. “ಅತ್ತಿ, ನಮ್ಮ ಕಡೆ ಗ್ರಹಣ ಅಂದ್ರ ಕಲ್ಲು…” ಎಂದು ಶುರು ಮಾಡಿದಳು.

“ಬಾಯಿ ಮುಚ್ಚ!” ಅವ್ವ ಹೌಹಾರಿ ಎದ್ದಳು. “ಸಾರಿದ ಮ್ಯಾಗ ಅದರ ಮಾತು ಎತ್ತಬಾರದಂತ ಗೊತ್ತಿಲ್ಲೇನ ನಿನಗ? ಇಂಥಾ ಕೂಸು ಇಟ್ಕೊಂಡು ಮುನಿಸು ತಂದುಕೊಂತಿ ಏನ?”

ಅತ್ತಿಗೆ ಕೂಸಿನ ಕಡೆ ತಿರುಗಿ ಕೂತಳು. ಸಂಜೆ ಅಣ್ಣ ಬಂದಾಗ ಅವನನ್ನು ಮೆಲ್ಲಗೆ ಕರೆದು, “ಏನ್ರೀ, ಇಲ್ಲಿ ಕೇಳ್ರಿ. ಬಿಚ್ಚೂದು ಬ್ಯಾಡ. ಬಿಚ್ಚದಿದ್ರ ಕೂಸಿಗೆ ಒಳ್ಳೇದ ಆಕ್ಕೈತಿ,” ಎಂದಳಂತೆ. ಅಣ್ಣ ಕಿವಿ ಮುಚ್ಚಿಕೊಂಡು, “ನನಗ ಹೇಳಬ್ಯಾಡ, ಅವ್ವನ್ನ ಕೇಳು,” ಎಂದು ಕುರಿಹಟ್ಟಿಗೆ ಹೋಗಿಬಿಟ್ಟ. ನನ್ನ ಹತ್ತಿರ ಅವಳು ಮಾತೆತ್ತಲೇ ಇಲ್ಲ. ಎತ್ತಿದ್ದರೆ ನಾನೂ ಬಾಯಿ ಮುಚ್ಚು ಅಂತಲೇ ಅನ್ನುತ್ತಿದ್ದೆನೇನೋ. ಈ ಊರಲ್ಲಿ ಹುಟ್ಟಿದವರಿಗೆ ಬೇರೆ ಏನು ಬರುತ್ತದೆ?

ಅವಳ ಮನಸ್ಸಿನಲ್ಲಿದ್ದದ್ದು ಏನೆಂದು ಆಮೇಲೆ ಅವಳೇ ಹೇಳಿದಳು. ಅವಳು ಹುಡುಗಿಯಾಗಿದ್ದಾಗ ಮೇಲಿನೋಣಿಯಲ್ಲಿ ಕಂಡ ಗ್ರಹಣ ಅದು. ಅವಳ ಅಪ್ಪ ತಂತಿ ಬಿಚ್ಚುವುದು ಸ್ವಲ್ಪ ತಡವಾಗಿತ್ತು. ಹುಟ್ಟಿದಾಗಿನಿಂದ ಉಗುರುಬೆಚ್ಚಗಿದ್ದ ಕಲ್ಲು ನೋಡನೋಡುತ್ತ ಕಾದು, ಮೇಲಿಟ್ಟಿದ್ದ ನೀರು ಕೊತಕೊತ ಕುದಿಯಿತು. ಮನೆಯ ಮೂಲೆಮೂಲೆಯ ಥಂಡಿ ಹಾರಿಹೋಯಿತು. ಚಳಿಗೆ ಬಿರಿದು ರಕ್ತ ಸೋರುತ್ತಿದ್ದ ಅವಳ ಹಿಮ್ಮಡಿಯ ನೋವು ಮೊದಲ ಸಲ ನಿಂತಿತು. ಅಪ್ಪ ಓಡಿಬಂದು ಬಿಚ್ಚುವ ಹೊತ್ತಿಗೆ ಚಿಮಟದ ತುದಿ ಕರಿಯಾಗಿತ್ತು. ಅಲ್ಲಿಯವರು ಮನೆ ಸುಟ್ಟೀತೆಂದು ಹೆದರಿ ತಂತಿ ಬಿಚ್ಚುತ್ತಾರೆ. ಅವರ ಗ್ರಹಣದ ಭಯವೆಲ್ಲ ಬಿಸಿಯ ಭಯ. ಬದುಕಿನಲ್ಲಿ ಒಂದೇ ಸಲ ಮೈ ತುಂಬ ಬೆಚ್ಚಗಾದ ಆ ದಿನವನ್ನು ಅತ್ತಿಗೆ ಹಬ್ಬದಂತೆ ನೆನಪಿಟ್ಟುಕೊಂಡಿದ್ದಳು. ನಮ್ಮ ಓಣಿಯವರೂ ಅದೇ ಕಾರಣಕ್ಕೆ ಬಿಚ್ಚುತ್ತಾರೆ ಎಂದುಕೊಂಡಿದ್ದಳು. ಇವರಿಗೆ ಬಿಸಿ ಹೆಚ್ಚಾಗಿದೆ, ಸೊಕ್ಕು. ನನ್ನ ಕೂಸಿಗೆ ಅದೇ ಬೇಕಾಗಿದೆ ಎಂದುಕೊಂಡಿದ್ದಳು. ಅವಳ ಜಾಗದಲ್ಲಿ ಯಾವ ತಾಯಿಯಾದರೂ ಹಾಗೇ ಅಂದುಕೊಳ್ಳುತ್ತಿದ್ದಳು.

ಗ್ರಹಣದ ದಿನ ಅಣ್ಣ ತಂತಿ ಬಿಚ್ಚಿ ಕಂಬಕ್ಕೆ ಹಾಕಿದ. ಅವ್ವ ಕೂಸಿನ ಹಣೆಗೆ ಮುತ್ತಿಟ್ಟು, ಅತ್ತಿಗೆಯ ಹೆಗಲ ಮೇಲೆ ತನ್ನ ಕಂಬಳಿಯನ್ನೂ ಹೊದಿಸಿ, ತಾನು ಬರಿ ಸೆರಗು ಹೊದ್ದು ಚಾವಡಿಗೆ ಬಂದಳು. ನಾವು ಹೋಗುವಾಗ ಬಿಸಿಲು ಆಗಲೇ ಬಣ್ಣ ಕಳೆದುಕೊಂಡಿತ್ತು. ನಮ್ಮ ನೆರಳುಗಳ ಅಂಚು ಚೂಪಾಗಿ, ನೋಡಿದರೆ ಹೆದರಿಕೆಯಾಗುವಂತಿತ್ತು.

ಅತ್ತಿಗೆ ಅವ್ವ ಹೇಳಿದ ಹಾಗೆಯೇ ಕೂತಳು. ಕಲ್ಲು ಬೇಗ ಆರಿತು. ಕುರಿಗಳ ಮೈ ಬೆಚ್ಚಗಿತ್ತು, ಅವಳ ಎದೆ ಬೆಚ್ಚಗಿತ್ತು, ಆದರೂ ಕೂಸಿನ ತುಟಿ ಮೆಲ್ಲಗೆ ನೀಲಿಗೆ ತಿರುಗಿತು. ಮೊಲೆ ಕೊಟ್ಟರೆ ಹಿಡಿಯಲಿಲ್ಲ. ಇನ್ನು ಕೂತಿರುವುದು ಅವಳಿಂದ ಆಗಲಿಲ್ಲ. ಕೂಸನ್ನು ಕುರಿಯ ಹೊಟ್ಟೆಗೆ ಒತ್ತಿ ಮಲಗಿಸಿ, ತಲೆ ತುಂಬ ಸೆರಗು ಎಳೆದುಕೊಂಡು, ಬಾಣಂತಿ ಬರಬಾರದ ಅಂಗಳಕ್ಕೆ ಬಂದಳು. ಸೂರ್ಯ ಉಗುರಿನಷ್ಟು ಉಳಿದಿದ್ದ. ತಂತಿಯನ್ನು ಮುಟ್ಟಿ ನೋಡಿದಳು. ಅದು ಇನ್ನೂ ಬಿಸಿಯಾಗಿತ್ತು.

ನನ್ನ ಹೊಟ್ಟೆ ಉರಿಯುವುದು ಇಲ್ಲೇ. ಆ ತಂತಿ ಆಗಲೇ ತಣ್ಣಗಾಗಿದ್ದರೆ ಅವಳು ಬೆಚ್ಚಿ ಕೈ ಬಿಡುತ್ತಿದ್ದಳು. ಆದರೆ ಸೂರ್ಯ ಮುಚ್ಚಿದ ಗಳಿಗೆಗೇ ನಡುಬಾನು ತಣ್ಣಗಾಗುವುದಿಲ್ಲ. ಅದರ ಬಿಸಿ ಸಾವಕಾಶ ಇಳಿಯುತ್ತದೆ, ಇಲ್ಲಿ ನಮಗೆ ಬೆಳಕು ಬಂದು ನಾವು ನಗುವ ಹೊತ್ತಿಗೆ ಅಲ್ಲಿ ಥಂಡಿ ನೆತ್ತಿಗೇರಿರುತ್ತದೆ. ಅದಕ್ಕೇ ಗ್ರಹಣ ಬಿಟ್ಟ ಮೇಲಿನ ನಮ್ಮ ಡಂಗುರ ಅಷ್ಟು ತಡ.

ಅವಳು ತಂತಿಯನ್ನು ಚಿಮಟದಲ್ಲಿ ಹಿಡಿದು ಒಳಗೆ ತಂದು ಕಲ್ಲಿಗೆ ಸುತ್ತಿದಳು. ಕಲ್ಲು ಬೆಚ್ಚಗಾಯಿತು. ಕೂಸನ್ನು ಅದರ ಮೇಲೆಯೇ, ಸುಡಬಾರದೆಂದು ಕಂಬಳಿ ಮಡಚಿ ಹಾಸಿ ಮಲಗಿಸಿದಳು. ತುಟಿ ಕೆಂಪಾಯಿತು. ಕೂಸು ಮೊಲೆ ಹಿಡಿದು, ಹುಟ್ಟಿದಾಗಿನಿಂದ ಕುಡಿಯದಷ್ಟು ಕುಡಿದು, ಒಂದು ಸಲ ಗಟ್ಟಿಯಾಗಿ ಅತ್ತಿತಂತೆ. ಅದರ ದನಿ ಅವಳು ಕೇಳಿದ್ದು ಅದೇ ಮೊದಲು. ಇನ್ನು ಕಲ್ಲು ಕೆಂಡವಾಗುತ್ತದೆ, ಕುರಿಗಳು ಬೇಯುತ್ತವೆ ಎಂದು ಅವನ್ನು ಹಿತ್ತಲಿಗೆ ಅಟ್ಟಿ ಬಾಗಿಲು ಹಾಕಿದಳು. ಸೂರ್ಯ ಪೂರ್ತಿ ಮುಚ್ಚಿ ಕತ್ತಲಾದಾಗ ಕಲ್ಲಿನ ಮೇಲೆ ಕೈಯಿಟ್ಟು ಕಾದಳು; ಹಿತವಾಗಿಯೇ ಇತ್ತು. ಬೆಳಕಿಂಡಿಯಲ್ಲಿ ಬೆಳಕು ಮರಳಿದಾಗ, ಗ್ರಹಣ ಮುಗಿಯಿತು, ಕೂಸು ಬದುಕಿತು ಎಂದು ಗೋಡೆಗೆ ಒರಗಿದಳು. ಒಂದು ಕೈ ಕೂಸಿನ ಪಕ್ಕದಲ್ಲಿ ಕಲ್ಲಿನ ಮೇಲೆಯೇ ಇತ್ತು. ಎಷ್ಟು ದಿನದ ನಿದ್ದೆಯೋ, ಆ ಬಿಸಿಯಲ್ಲಿ ಕಣ್ಣು ಹತ್ತಿಬಿಟ್ಟಿತು.

ಚಾವಡಿಯಲ್ಲಿ ನಾವು ಬಿಸಿಲು ನೋಡುತ್ತ ಕೂತಿದ್ದೆವು. ಮಕ್ಕಳು ಹೊರಗೆ ಓಡುತ್ತಿದ್ದರು, ದೊಡ್ಡವರು ಹಿಡಿದು ಎಳೆದು ಕೂರಿಸುತ್ತಿದ್ದರು. ಯಾರೋ ಅವಲಕ್ಕಿ ಹಂಚಿದರು. ಅವ್ವ ಅವಲಕ್ಕಿ ಮುಟ್ಟದೆ, ಸೆರಗಿನೊಳಗೆ ನಡುಗುತ್ತ, “ಹುಡುಗಿ ಗಟ್ಟಿ ಅದಾಳ, ಹೆಂಗರ ಮಾಡಿ ಉಳಿಸ್ಕೊಂತಾಳ,” ಎಂದು ನನ್ನ ಕಿವಿಯಲ್ಲಿ ಹೇಳಿದಳು. ಸೊಸೆಯನ್ನು ಅವಳು ಹೊಗಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಎಷ್ಟೋ ಹೊತ್ತಿನ ಮೇಲೆ ಡಂಗುರ ಬಡಿಯಿತು.

ಅಂಗಳಕ್ಕೆ ಬಂದ ಅಣ್ಣ ಬರಿ ಕಂಬ ನೋಡಿ ನಿಂತುಬಿಟ್ಟ. ಆಮೇಲೆ ಬಾಗಿಲಿಗೆ ಹೆಗಲು ಕೊಟ್ಟ. ಒಳಗೆ ಕೊಡದ ನೀರು ಗಡ್ಡೆಯಾಗಿತ್ತು, ಗೋಡೆಯ ಮೇಲೆ ಬಿಳಿ ಮಂಜು ಹತ್ತಿತ್ತು. ಅತ್ತಿಗೆ ಎಚ್ಚರಾಗಿದ್ದಳು. ಅವಳ ಕೈ ಕಲ್ಲಿಗೆ ಅಂಟಿಹೋಗಿತ್ತು. ಇನ್ನೊಂದು ಕೈಯಲ್ಲಿ ಕೂಸನ್ನು ಎತ್ತಿ ಎದೆಗೆ ಹಿಡಿದು, ಅದರ ಬಾಯಿಯೊಳಗೆ ತನ್ನ ಉಸಿರು ಊದುತ್ತಿದ್ದಳು. ನಮ್ಮನ್ನು ನೋಡಿ, “ಇನ್ನೊಂದೀಟು ತಡೀರಿ, ಕಲ್ಲು ಈಗ ಕಾಯ್ತದ, ಈಗ ಕಾಯ್ತದ,” ಎಂದಳು. ಅವ್ವ ಕೂಸನ್ನು ಮುಟ್ಟಿ ನೋಡಿ ಅಲ್ಲೇ ಕುಸಿದಳು. ಅವಳು ಕೂಗಿದ ಕೂಗಿಗೆ ಓಣಿಯೆಲ್ಲ ನೆರೆಯಿತು.

ಅತ್ತಿಗೆಯ ಎರಡು ಬೆರಳು ಕಪ್ಪಾಗಿ ಬಿದ್ದುಹೋದವು. ಅದಕ್ಕೆ ಅವಳು ಅಳಲಿಲ್ಲ. ಮೇಲಿನೋಣಿಯಿಂದ ಅವಳ ತಾಯಿ ಇಳಿದು ಬಂದಾಗಲೇ ಅವಳ ಮಾತು ಹೊರಬಿದ್ದದ್ದು. “ಯವ್ವಾ, ನಮ್ಮ ಮನ್ಯಾಗ ಗ್ರಹಣಕ್ಕ ಕಲ್ಲು ಕಾಯ್ತಿತ್ತಲ್ಲ? ನಾನು ಕಂಡದ್ದು ಸುಳ್ಳೇನ?”

“ಸುಳ್ಳಲ್ಲ ಮಗಳ. ಕಾದು ಕೆಂಡ ಆಕ್ಕಿತ್ತು. ಅದಕ್ಕ ಬಿಚ್ಚತಿದ್ವಿ.”

ಅವ್ವ ತಲೆಯೆತ್ತಿ ಬೀಗಿತ್ತಿಯ ಮುಖ ನೋಡಿದಳು. “ಕಾಯ್ತದ? ನಮ್ಮಲ್ಲಿ ಹೆಪ್ಪುಗಟ್ಟತದ ಬೀಗತಿ. ಅದಕ್ಕ ನಾವು ಬಿಚ್ಚತೀವಿ.”

ಇಬ್ಬರೂ ಮುದುಕಿಯರು ಒಬ್ಬರನ್ನೊಬ್ಬರು ನೋಡುತ್ತ ಕೂತರು. ಬದುಕಿಡೀ ಇಬ್ಬರೂ ಒಂದೇ ದಿನ, ಒಂದೇ ಹೊತ್ತಿಗೆ, ಒಂದೇ ಬಗೆಯ ಚಿಮಟ ಹಿಡಿದು ತಂತಿ ಬಿಚ್ಚಿದ್ದರು. ಸೂರ್ಯ ಮುಚ್ಚಿದರೆ ನಮ್ಮ ತಂತಿ ಮುಟ್ಟುವ ನಡುಬಾನಿನ ಕೆಳಪದರಕ್ಕೆ ಥಂಡಿ ಹೊಡೆಯುತ್ತದೆ, ಅವರ ತಂತಿ ಮುಟ್ಟುವ ಮೇಲಿನ ಪದರ ಕಾಯುತ್ತದೆ. ಇಷ್ಟೇ ಇದ್ದದ್ದು. ಮೆಟ್ಟಿಲು ಹತ್ತಿ ಹೋಗಿ ಯಾರಾದರೂ ಯಾರನ್ನಾದರೂ ಒಮ್ಮೆ ಕೇಳಿದ್ದರೆ ತಿಳಿಯುತ್ತಿತ್ತು.

“ನಾ ಹೇಳಾಕ ಬಂದಿದ್ದೆ ಅತ್ತಿ,” ಎಂದಳು ಅತ್ತಿಗೆ. ಬೈದು ಹೇಳಲಿಲ್ಲ, ಸುಮ್ಮನೆ ಹೇಳಿದಳು. ಅವ್ವ ಸೆರಗು ಬಾಯಿಗೆ ತುರುಕಿಕೊಂಡಳು. ಅಣ್ಣ ಎದ್ದು ಕುರಿಹಟ್ಟಿಗೆ ಹೋದ. ಅವನಿಗೆ ಹೋಗಲಿಕ್ಕೆ ಅದೊಂದು ಜಾಗ ಯಾವಾಗಲೂ ಇತ್ತು.

ನಾನು ಸುಮ್ಮನಿರಲಿಲ್ಲ. ಚಾವಡಿಗೆ ಹೋಗಿ ಹಿರಿಯರ ಮುಂದೆ ಎಲ್ಲವನ್ನೂ ಹೇಳಿದೆ. ಮುಂದಿನ ಡಂಗುರದಲ್ಲಿ ಎರಡೂ ಓಣಿಯ ಸಂಗತಿ ಸಾರಿ ಹೇಳಿಸಿ ಎಂದು ಬೇಡಿಕೊಂಡೆ. ಅವರು ಗಡ್ಡ ನೀವಿಕೊಂಡು ಕೇಳಿದರು. ನಾಲ್ಕು ದಿನ ಕೂತು ಮಾತಾಡಿದರು. ಕೊನೆಗೆ ಮಾಡಿದ ತೀರ್ಮಾನ ಇದು: ಇನ್ನು ಮುಂದೆ ಮೇಲಿನೋಣಿಯಿಂದ ಹೆಣ್ಣು ತರಬಾರದು. ತಂತಿಯ ಮಾತೆತ್ತಬಾರದೆಂಬ ಕಟ್ಟಳೆ ಹಾಗೆಯೇ ಉಳಿಯಿತು. ಬಾಣಂತಿ ಅಂಗಳಕ್ಕೆ ಬಂದದ್ದೇ ತಪ್ಪು, ನಡುಬಾನು ಅದಕ್ಕೇ ಮುನಿದದ್ದು ಎಂದು ಒಬ್ಬ ಹಿರಿಯ ಹೇಳಿದ, ಉಳಿದವರು ತಲೆಯಾಡಿಸಿದರು. ನಾನು ಅವರ ಮುಖಕ್ಕೆ ಉಗಿಯದೆ ಬಂದೆನಲ್ಲ ಎಂದು ಈಗಲೂ ಕೈಕೈ ಹಿಸುಕಿಕೊಳ್ಳುತ್ತೇನೆ.

ಮನೆಯಲ್ಲಿ ಕಲ್ಲು ಎಂದಿನಂತೆ ಕಾಯುತ್ತಿತ್ತು. ಕೂಸು ಸತ್ತ ಕಲ್ಲಿನ ಮೇಲೆಯೇ ಮರುದಿನ ರೊಟ್ಟಿ ಸುಡಬೇಕಾಯಿತು. ನಮಗೆ ಬೇರೆ ಕಲ್ಲಿಲ್ಲ, ಬೇರೆ ಬೆಂಕಿಯಿಲ್ಲ. ನಾವು ತಿಂದೆವು. ಅತ್ತಿಗೆ ತಿನ್ನಲಿಲ್ಲ. ಆ ಕಲ್ಲಿನ ಮೇಲೆ ಬೆಂದದ್ದನ್ನು ಬಾಯಿಗಿಡುವುದಿಲ್ಲ, ಅದರ ಬಿಸಿ ಮೈಗೆ ತಾಕಿಸಿಕೊಳ್ಳುವುದಿಲ್ಲ ಎಂದು ಹಟ ಹಿಡಿದಳು. ನೆನೆಸಿದ ಕಡಲೆ, ಹಸಿ ಹಾಲು, ಅಷ್ಟೆ. ಮಲಗುವುದು ಕುರಿಹಟ್ಟಿಯಲ್ಲಿ. ಎದೆಯ ಹಾಲು ಇನ್ನೂ ನಿಂತಿರಲಿಲ್ಲ. ಹಿಂಡಿ ಹಿಂಡಿ ಮಣ್ಣಿಗೆ ಚೆಲ್ಲುತ್ತಿದ್ದಳು. ಅವ್ವ ದಿನಾ ಹಟ್ಟಿಯ ಬಾಗಿಲಿಗೆ ಹೋಗಿ ನಿಂತು, “ಬೈಯ್ಯಾಕರ ಬೈ ನನ್ನ. ಒಂದು ಮಾತು ಆಡವ್ವ,” ಎಂದು ಗೋಗರೆಯುತ್ತಿದ್ದಳು. ಅತ್ತಿಗೆ ಕುರಿಯ ಮೈ ಸವರುತ್ತ ಕೂತಿರುತ್ತಿದ್ದಳು.

ಚಳಿಗಾಲ ಬಂತು. ಆ ವರ್ಷದ ಚಳಿಗೆ ಹಟ್ಟಿಯಲ್ಲಿ ಕುರಿಗಳೇ ನಡುಗುತ್ತಿದ್ದವು. ಅತ್ತಿಗೆ ಸಾಯಲಿಕ್ಕೆಂದೇ ಅಲ್ಲಿ ಮಲಗುತ್ತಾಳೆ ಎಂದು ನನಗೆ ಗೊತ್ತಿತ್ತು. ಅವಳ ಮೇಲೆ ಕಂಬಳಿ ಹೊದಿಸಿ ಬಂದರೆ ಬೆಳಿಗ್ಗೆ ಅದು ಕುರಿಯ ಮೇಲಿರುತ್ತಿತ್ತು. ಒಂದು ಬೆಳಿಗ್ಗೆ ನಾನು ರೊಟ್ಟಿ ಬಡಿಯುತ್ತಿದ್ದೆ, ಅವ್ವ ಸುಡುತ್ತಿದ್ದಳು. ಬಾಗಿಲು ತೆರೆದ ಸದ್ದಾಯಿತು. ಅತ್ತಿಗೆ ಒಳಗೆ ಬಂದಳು. ಹಲ್ಲು ಕಟಕಟ ಎನ್ನುತ್ತಿದ್ದವು. ಯಾರನ್ನೂ ನೋಡದೆ ಕಲ್ಲಿನ ಹತ್ತಿರ ಬಂದು ಮಂಡಿಯೂರಿ, ಮೂರು ಬೆರಳಿನ ಕೈಯನ್ನೂ ಪೂರ್ತಿ ಕೈಯನ್ನೂ ಅದರ ಹತ್ತಿರ ಚಾಚಿದಳು. ಆಮೇಲೆ ಕಲ್ಲಿನ ಮಗ್ಗುಲಿಗೆ ಕೆನ್ನೆ ಆನಿಸಿದಳು.

“ಬೆಚ್ಚಗೈತಿ,” ಎಂದಳು. ನನ್ನ ಕಡೆ ತಿರುಗಿ, “ಹಿತ ಆಗಾಕತ್ತೈತಿ ನನಗ. ನೋಡವ್ವ, ಎಂಥಾ ನಾಚಿಗಿಲ್ಲದ ಮೈ ಇದು,” ಎಂದಳು.

ಅವ್ವ ಕಲ್ಲಿನ ಮೇಲಿದ್ದ ರೊಟ್ಟಿ ತೆಗೆದು ಅವಳ ಮುಂದಿಟ್ಟಳು. ಅತ್ತಿಗೆ ಅದನ್ನು ಬಹಳ ಹೊತ್ತು ನೋಡಿದಳು. ಕಣ್ಣೀರು ಸುರಿಯುತ್ತಲೇ ಇತ್ತು, ಒರೆಸಿಕೊಳ್ಳಲಿಲ್ಲ. ಆಮೇಲೆ ಒಂದು ತುಣುಕು ಮುರಿದಳು. ಸುಡುತ್ತಿತ್ತು. ಬಾಯಿ ಸುಟ್ಟುಕೊಳ್ಳಬಾರದೆಂದು ಅದನ್ನು ಮೆಲ್ಲಗೆ ಊದಿ ಊದಿ ಆರಿಸಿಕೊಂಡು ತಿನ್ನತೊಡಗಿದಳು. ನನಗೆ ನೋಡಲಾಗಲಿಲ್ಲ, ಹಿಟ್ಟಿನ ಕೈಯಲ್ಲೇ ಎದ್ದು ಹೊರಗೆ ಹೋದೆ.